ದಿನದ ಬಾಡಿಗೆಯೋ, ಕಿಲೋಮೀಟರ್ ದರವೋ? ಎರಡು ಗೆರೆ ಕೂಡುವ ಜಾಗದ ಲೆಕ್ಕ

ಯುಗಾದಿ ದಾಟಿತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಕ್ರೂಸರ್ ಗಾಡಿಗಳಿಗೆ ಬಿಡುವಿರುವುದಿಲ್ಲ. ಮದುವೆ, ಸೀಮಂತ, ಪಂಢರಪುರ, ಸವದತ್ತಿ ಎಲ್ಲಮ್ಮನ ಗುಡ್ಡ ಎಂದು ಮನೆಮಂದಿಯೆಲ್ಲ ಹೊರಡುವಾಗ ಗಾಡಿ ಗೊತ್ತು ಮಾಡಲೇಬೇಕು. ಇಬ್ಬರು ಮಾಲಕರಿಗೆ ಫೋನ್ ಹಚ್ಚಿದರೆ ಎರಡು ಥರದ ಮಾತು ಕೇಳಿಬರುತ್ತದೆ.

“ದಿನದ ಬಾಡಿಗಿ ಸಾವಿರದ ಐನೂರ್ರಿ, ಮ್ಯಾಲ ಕಿಲೋಮೀಟರಿಗೆ ಹದಿನಾಕು.”

“ದಿನದ್ದು ಏನೂ ಬ್ಯಾಡ್ರಿ, ಕಿಲೋಮೀಟರಿಗೆ ಇಪ್ಪತ್ತ ಕೊಡ್ರಿ, ಸಾಕು.”

ಯಾವುದು ಅಗ್ಗ? ಹದಿನಾಲ್ಕು ಎಂದರೆ ಕಡಿಮೆ ಎನಿಸುತ್ತದೆ, ಆದರೆ ಹಿಂದೆಯೇ ಸಾವಿರದ ಐನೂರು ನೆನಪಾಗುತ್ತದೆ. ಹೆಚ್ಚಿನವರು ಇಲ್ಲಿಗೇ ಲೆಕ್ಕ ಬಿಟ್ಟು, ಪರಿಚಯದ ಗಾಡಿಗೆ ಹೂಂ ಎನ್ನುತ್ತಾರೆ. ಹತ್ತನೇ ತರಗತಿಯ ಗಣಿತದಲ್ಲಿ ಬರುವ “ರೇಖಾತ್ಮಕ ಸಮೀಕರಣಗಳ ಜೋಡಿ” ಎಂಬ ಪಾಠ ಇರುವುದೇ ಈ ಪ್ರಶ್ನೆಗೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಯಾರೂ ಹೊರಗೆ ತೆಗೆಯುವುದಿಲ್ಲ, ಅಷ್ಟೇ. ಇಲ್ಲಿ ಬಳಸಿರುವ ದರಗಳೆಲ್ಲ ಲೆಕ್ಕ ತಿಳಿಯಲೆಂದು ಹಿಡಿದವು. ನಿಮ್ಮೂರಿನ ದರವನ್ನು ಅದೇ ಜಾಗದಲ್ಲಿ ಹಾಕಿಕೊಂಡರೆ ಲೆಕ್ಕ ಹಾಗೆಯೇ ನಡೆಯುತ್ತದೆ.

## ಪ್ರತಿ ದರದಲ್ಲೂ ಎರಡು ಅಂಕಿ

ಯಾವುದೇ ದರವನ್ನು ಎರಡು ತುಂಡು ಮಾಡಬಹುದು. ಗಾಡಿ ಒಂದು ಹೆಜ್ಜೆ ಮುಂದೆ ಹೋಗದಿದ್ದರೂ ಕೊಡಬೇಕಾದ ಹಣ ಒಂದು. ಅದು ಸ್ಥಿರ ಖರ್ಚು. ಗಾಡಿ ಓಡಿದ ಹಾಗೆ, ಪ್ರತಿ ಕಿಲೋಮೀಟರಿಗೂ ಸೇರುತ್ತ ಹೋಗುವ ಹಣ ಇನ್ನೊಂದು. ಅದು ಓಟದ ಖರ್ಚು.

ಮೊದಲ ಮಾಲಕರ ದರದಲ್ಲಿ ಸ್ಥಿರ ಖರ್ಚು 1,500 ರೂಪಾಯಿ, ಓಟದ ಖರ್ಚು ಕಿ.ಮೀ.ಗೆ 14. ಎರಡನೆಯವರದರಲ್ಲಿ ಸ್ಥಿರ ಖರ್ಚು ಸೊನ್ನೆ, ಓಟದ್ದು 20. ಈ ಸೊನ್ನೆಯನ್ನೂ ಬರೆದಿಟ್ಟುಕೊಳ್ಳಬೇಕು. ಬರೆಯದೆ ಬಿಟ್ಟರೆ ಮುಂದೆ ಕಳೆಯುವಾಗ ಯಾವುದರಿಂದ ಯಾವುದನ್ನು ಕಳೆಯಬೇಕೆಂಬ ಗೊಂದಲ ಶುರುವಾಗುತ್ತದೆ.

ಗೊತ್ತಿಲ್ಲದೆ ಉಳಿದಿರುವುದು ಎಷ್ಟು ದೂರ ಓಡುತ್ತೇವೆ ಎಂಬುದೊಂದೇ. ಶಾಲೆಯಲ್ಲಿ ಇದಕ್ಕೆ ‘ಎಕ್ಸ್’ ಎನ್ನುತ್ತಿದ್ದರು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದರು. ಕನ್ನಡದಲ್ಲಿ ಹೇಳುವುದಾದರೆ ‘ಎಷ್ಟೋ ಅಷ್ಟು’. ಎಕ್ಸ್‌ಗಿಂತ ಇದು ಎಷ್ಟೋ ಸ್ಪಷ್ಟವಾದ ಹೆಸರು. ನಾವು ಅದನ್ನು ಕಿಲೋಮೀಟರಿನ ‘ಕ’ ಎನ್ನೋಣ.

ಮೊದಲ ಗಾಡಿ: ಖರ್ಚು = 1,500 + 14 × ಕ

ಎರಡನೇ ಗಾಡಿ: ಖರ್ಚು = 20 × ಕ

ಇವೇ ಎರಡು ರೇಖಾತ್ಮಕ ಸಮೀಕರಣಗಳು. ಗ್ರಾಫ್ ಹಾಳೆಯ ಮೇಲೆ ಬರೆದರೆ ಡೊಂಕಿಲ್ಲದ ಗೆರೆ ಬರುವುದರಿಂದ ಆ ಹೆಸರು. ಗೆರೆ ನೇರವಾಗಿರಲು ಕಾರಣವೂ ಸರಳ. ಹತ್ತನೇ ಕಿಲೋಮೀಟರಿಗೆ ಎಷ್ಟು ಹಣವೋ ಮುನ್ನೂರನೇ ಕಿಲೋಮೀಟರಿಗೂ ಅಷ್ಟೇ ಹಣ.

## ಎರಡೂ ಸಮ ಆಗುವ ದೂರ

ಗಾಡಿ ಹೊರಡುವ ಮೊದಲು ಮೊದಲನೆಯದು 1,500 ರೂಪಾಯಿ ದುಬಾರಿ. ಹೊರಟ ಮೇಲೆ ಪ್ರತಿ ಕಿಲೋಮೀಟರಿಗೆ ಅದು 6 ರೂಪಾಯಿ ಉಳಿಸಿಕೊಡುತ್ತ ಬರುತ್ತದೆ, ಏಕೆಂದರೆ 20ರಲ್ಲಿ 14 ಕಳೆದರೆ 6. ಆರಾರು ರೂಪಾಯಿಯಂತೆ ಉಳಿಸುತ್ತ 1,500ರ ಹೊರೆ ಎಷ್ಟು ದೂರದಲ್ಲಿ ತೀರುತ್ತದೆ?

1,500 ÷ 6 = 250

ಅಂದರೆ 250 ಕಿ.ಮೀ.ಗೆ ಎರಡೂ ಗಾಡಿಯ ಬಿಲ್ಲು ಒಂದೇ. ಹಾಕಿ ನೋಡಿ: ಮೊದಲನೆಯದು 1,500 + 3,500 = 5,000. ಎರಡನೆಯದು 20 × 250 = 5,000. ಅದಕ್ಕಿಂತ ಕಡಿಮೆ ಓಡಿದರೆ ದಿನದ ಬಾಡಿಗೆ ಇಲ್ಲದ ಗಾಡಿ ಲಾಭ. ಹೆಚ್ಚು ಓಡಿದರೆ ದಿನದ ಬಾಡಿಗೆ ಇರುವ ಗಾಡಿ ಲಾಭ.

ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿ.ಮೀ., ಹೋಗಿಬಂದರೆ 200. ಮೊದಲ ಗಾಡಿಗೆ 4,300, ಎರಡನೆಯದಕ್ಕೆ 4,000. ವಿಜಯಪುರದಿಂದ ಬೆಳಗಾವಿಗೆ ಸುಮಾರು 200, ಹೋಗಿಬಂದರೆ 400. ಆಗ ಮೊದಲ ಗಾಡಿಗೆ 7,100, ಎರಡನೆಯದಕ್ಕೆ 8,000. ಅವೇ ಎರಡು ಗಾಡಿ, ಅವೇ ದರ. ಸೊಲ್ಲಾಪುರಕ್ಕೆ ಅಗ್ಗವಾದದ್ದು ಬೆಳಗಾವಿಗೆ ದುಬಾರಿ. ಆದ್ದರಿಂದ “ಯಾವ ಗಾಡಿ ಅಗ್ಗ?” ಎಂದು ಕೇಳಿದರೆ ಉತ್ತರವೇ ಇಲ್ಲ. “ಇಷ್ಟು ದೂರಕ್ಕೆ ಯಾವುದು ಅಗ್ಗ?” ಎಂದು ಕೇಳಬೇಕು.

ಇಲ್ಲಿ ಬಹಳ ಜನ ಮಾಡುವ ತಪ್ಪು 1,500ನ್ನು 20ರಿಂದ ಭಾಗಿಸುವುದು. 75 ಬರುತ್ತದೆ. “75 ಕಿ.ಮೀ. ದಾಟಿದರೆ ಸಾಕು, ದಿನದ ಬಾಡಿಗೆಯೇ ಚಲೋ” ಎಂದು ತಿಳಿದು ಮೋಸ ಹೋಗುತ್ತಾರೆ. ಮೊದಲ ಗಾಡಿಯೇನು ಪುಕ್ಕಟೆ ಓಡುವುದಿಲ್ಲ, ಅದೂ ಕಿಲೋಮೀಟರಿಗೆ 14 ತಿನ್ನುತ್ತದೆ. ಭಾಗಿಸಬೇಕಾದದ್ದು ಎರಡು ಓಟದ ದರಗಳ ವ್ಯತ್ಯಾಸದಿಂದ, ಯಾವುದೋ ಒಂದು ದರದಿಂದ ಅಲ್ಲ. ಎರಡೂ ಕಡೆ ಸ್ಥಿರ ಖರ್ಚು ಇದ್ದರೆ ಅವುಗಳ ವ್ಯತ್ಯಾಸವನ್ನೇ ಮೇಲೆ ಇಡಬೇಕು:

ಸಮ ಆಗುವ ದೂರ = ಸ್ಥಿರ ಖರ್ಚುಗಳ ವ್ಯತ್ಯಾಸ ÷ ಓಟದ ದರಗಳ ವ್ಯತ್ಯಾಸ

ಕಣ್ಣಿಗೆ ಕಾಣಬೇಕೆಂದರೆ ಮಕ್ಕಳ ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಗೆರೆಯಲ್ಲಿ ಒಂದು ಸೆಂಟಿಮೀಟರಿಗೆ 50 ಕಿ.ಮೀ., ನಿಂತ ಗೆರೆಯಲ್ಲಿ ಒಂದು ಸೆಂಟಿಮೀಟರಿಗೆ 1,000 ರೂಪಾಯಿ. ಪ್ರತಿ ಗಾಡಿಗೆ ಎರಡೇ ಚುಕ್ಕಿ ಸಾಕು. ಮೊದಲನೆಯದಕ್ಕೆ ಸೊನ್ನೆ ಕಿ.ಮೀ.ಗೆ 1,500, 400 ಕಿ.ಮೀ.ಗೆ 7,100. ಎರಡನೆಯದಕ್ಕೆ ಸೊನ್ನೆಗೆ ಸೊನ್ನೆ, 400ಕ್ಕೆ 8,000. ಪಟ್ಟಿ ಇಟ್ಟು ಗೆರೆ ಎಳೆದರೆ ಬಲಕ್ಕೆ 5 ಸೆಂ.ಮೀ., ಮೇಲಕ್ಕೆ 5 ಸೆಂ.ಮೀ. ಇರುವ ಜಾಗದಲ್ಲಿ ಎರಡೂ ಕತ್ತರಿಸುತ್ತವೆ. ಕಡಿದಾಗಿ ಏರುವ ಗೆರೆ ಕಿಲೋಮೀಟರಿಗೆ ಇಪ್ಪತ್ತರದು, ನಿಧಾನವಾಗಿ ಏರುವುದು ಹದಿನಾಲ್ಕರದು.

ಕತ್ತರಿಸುವ ಜಾಗದ ಆಸುಪಾಸಿನಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. 255 ಕಿ.ಮೀ. ಓಡಿದರೆ ಎರಡು ಬಿಲ್ಲಿಗೂ ಇರುವ ಅಂತರ ಬರೀ 30 ರೂಪಾಯಿ. ಆಗ ಟೈರು ಹೇಗಿದೆ, ಡ್ರೈವರ್ ನಂಬಿಗಸ್ತನೇ ಎಂಬುದನ್ನು ನೋಡುವುದು ಜಾಣತನ. 250ರಿಂದ ಎಷ್ಟು ಕಿಲೋಮೀಟರ್ ದೂರ ಸರಿಯುತ್ತೀರೋ ಅದಕ್ಕೆ ಆರರಂತೆ ಅಂತರ ಬೆಳೆಯುತ್ತದೆ.

## ಫೋನಿನಲ್ಲಿ ಹೇಳದೆ ಉಳಿಯುವ ಮಾತುಗಳು

ಲೆಕ್ಕ ತಪ್ಪುವುದು ಭಾಗಾಕಾರದಲ್ಲಿ ಮಾತ್ರವಲ್ಲ, ಕೇಳದೆ ಬಿಟ್ಟ ಷರತ್ತುಗಳಲ್ಲೂ. ಎಲ್ಲಕ್ಕಿಂತ ದೊಡ್ಡದು ‘ಕನಿಷ್ಠ ಕಿಲೋಮೀಟರ್’.

ಎರಡನೇ ಮಾಲಕರು “ದಿನಕ್ಕ ಕಮ್ಮೀತ ಕಮ್ಮಿ ಎರಡನೂರಾ ಐವತ್ತ ಹಿಡೀತೀವ್ರಿ” ಎಂದರು ಎನ್ನಿ. ನೀವು 100 ಓಡಿ, 200 ಓಡಿ, ಬಿಲ್ಲು 250ಕ್ಕೇ. ಅಂದರೆ ಸೊನ್ನೆಯಿಂದ 250ರವರೆಗೆ ಅವರ ಗೆರೆ ಏರುವುದೇ ಇಲ್ಲ, 5,000ದ ಎತ್ತರದಲ್ಲಿ ಮಲಗಿರುತ್ತದೆ. ಆಮೇಲೆ ಏರಲು ಶುರುಮಾಡುತ್ತದೆ. ಈಗ ಸೊಲ್ಲಾಪುರದ ಲೆಕ್ಕ ತಿರುಗಿತು: ಎರಡನೆಯದಕ್ಕೆ 5,000, ಮೊದಲನೆಯದಕ್ಕೆ ಮೊದಲಿನಂತೆ 4,300. ಇನ್ನೂ ದೊಡ್ಡ ಮಾತೆಂದರೆ, ಈ ಷರತ್ತಿನ ಮೇಲೆ ಎರಡನೇ ಗಾಡಿ ಯಾವ ದೂರಕ್ಕೂ ಅಗ್ಗವಾಗುವುದಿಲ್ಲ. 250ರೊಳಗೆ ಮೊದಲನೆಯದು ಕಡಿಮೆ, 250ಕ್ಕೆ ಸಮ, ದಾಟಿದ ಮೇಲೆ ಮತ್ತೆ ಮೊದಲನೆಯದೇ ಕಡಿಮೆ. ಫೋನಿನಲ್ಲಿ ಮೊದಲು ಹೇಳದೆ ಉಳಿದ ಒಂದು ಸಾಲು ಇಡೀ ದರವನ್ನೇ ನಿರರ್ಥಕ ಮಾಡಿತು.

ಕನಿಷ್ಠ 200 ಎಂದಿದ್ದರೆ? ಆಗ ಗೆರೆ 4,000ದ ಎತ್ತರದಲ್ಲಿ ಮಲಗಿರುತ್ತದೆ. ಮೊದಲ ಗಾಡಿಯ ಬಿಲ್ಲು 4,000 ಮುಟ್ಟುವುದು 2,500 ÷ 14, ಅಂದರೆ ಸುಮಾರು 179 ಕಿ.ಮೀ.ಗೆ. ಆದ್ದರಿಂದ 179ರೊಳಗೆ ಮೊದಲ ಗಾಡಿ, 179ರಿಂದ 250ರ ನಡುವೆ ಎರಡನೆಯದು, ಆಮೇಲೆ ಪುನಃ ಮೊದಲನೆಯದು. ಗೆರೆ ಒಂದು ಕಡೆ ಮುರಿದರೆ ಕತ್ತರಿಸುವ ಜಾಗ ಎರಡಾಗಬಹುದು.

ಇನ್ನೊಂದು, ‘ದಿನ’ ಎಂದರೆ ಏನು? ಸಂಜೆ 6ಕ್ಕೆ ಹೊರಟು ಮಾರನೇ ದಿನ ಮಧ್ಯಾಹ್ನ 12ಕ್ಕೆ ಬಂದರೆ ಆಗಿದ್ದು 18 ತಾಸು. 24 ತಾಸಿಗೆ ಒಂದು ದಿನ ಹಿಡಿಯುವವರಿಗೆ ಅದು ಒಂದು ದಿನ. ರಾತ್ರಿ ಹನ್ನೆರಡಕ್ಕೆ ದಿನ ಮುಗಿಯಿತೆನ್ನುವವರಿಗೆ ಎರಡು ದಿನ. ಎರಡು ದಿನವಾದರೆ ಮೊದಲ ಗಾಡಿಯ ಸ್ಥಿರ ಖರ್ಚು 3,000ಕ್ಕೆ ಏರುತ್ತದೆ, ಸಮ ಆಗುವ ದೂರ 500ಕ್ಕೆ ಸರಿಯುತ್ತದೆ. ದಿನಕ್ಕೆ ಕನಿಷ್ಠ 250ರ ಷರತ್ತಿರುವ ಎರಡನೇ ಗಾಡಿಯಾದರೆ 500 ಕಿ.ಮೀ.ಯ ಬಿಲ್ಲು, ಅಂದರೆ 10,000. ಅದೇ ಸೊಲ್ಲಾಪುರದ 200 ಕಿ.ಮೀ.ಗೆ! ಮದುವೆಮನೆಯಲ್ಲಿ ಬಾಡಿಗೆಯ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲಿ.

ಮೀಟರ್ ಎಲ್ಲಿಂದ ಶುರು ಎಂಬುದನ್ನೂ ಕೇಳಬೇಕು. ಗಾಡಿ ನಿಲ್ಲುವ ಜಾಗ ನಿಮ್ಮೂರಿಂದ 15 ಕಿ.ಮೀ. ಇದ್ದು, ಅಲ್ಲಿಂದ ಅಲ್ಲಿಗೇ ಲೆಕ್ಕ ಹಿಡಿದರೆ ನಿಮ್ಮ ಪಯಣಕ್ಕೆ 30 ಕಿ.ಮೀ. ಸೇರಿತು. ಜೊತೆಗೆ ದಾರಿಯಲ್ಲಿ ಬೀಗರ ಮನೆ, ದೇವಸ್ಥಾನ. 200 ಎಂದು ಹೊರಟದ್ದು 255 ಆಗಲು ಹೊತ್ತು ಬೇಡ. ಹೊರಡುವಾಗ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ.

ಡ್ರೈವರ್ ಬತ್ತಾ, ಟೋಲ್ ಎರಡೂ ಗಾಡಿಗೆ ಒಂದೇ ಇದ್ದರೆ ಲೆಕ್ಕಕ್ಕೆ ಹಿಡಿಯುವುದೇ ಬೇಡ. ಎರಡೂ ಕಡೆ ಅಷ್ಟೇ ಸೇರುವುದರಿಂದ ಸಮ ಆಗುವ ದೂರ ಅಲುಗುವುದಿಲ್ಲ. ಕೈಯಲ್ಲಿ ಇಟ್ಟುಕೊಳ್ಳಬೇಕಾದ ಹಣ ಮಾತ್ರ ಹೆಚ್ಚುತ್ತದೆ. ಆದರೆ ಒಬ್ಬರು ಬತ್ತಾ ಸೇರಿಸಿ ಹೇಳಿ, ಇನ್ನೊಬ್ಬರು ಬೇರೆ ಕೇಳಿದರೆ ಚಿತ್ರ ಬದಲಾಗುತ್ತದೆ. ಮೊದಲನೆಯವರ 1,500ರಲ್ಲೇ ಬತ್ತಾ ಬಂದು, ಎರಡನೆಯವರು 300 ಬೇರೆ ಕೇಳಿದರೆ ಸ್ಥಿರ ಖರ್ಚಿನ ವ್ಯತ್ಯಾಸ 1,200ಕ್ಕೆ ಇಳಿಯುತ್ತದೆ, 6ರಿಂದ ಭಾಗಿಸಿದರೆ 200.

## ಮೂರನೇ ಗೆರೆ: ಡೀಸೆಲ್ ನಿಮ್ಮದೇ

“ದಿನಕ್ಕ ಎರಡೂವರೆ ಸಾವಿರ ಕೊಡ್ರಿ, ಡೀಸೆಲ್ ನೀವ ಹಾಕ್ರಿ” ಎನ್ನುವವರೂ ಇದ್ದಾರೆ. ಇಲ್ಲಿ ಓಟದ ದರ ಯಾರೂ ಹೇಳುವುದಿಲ್ಲ, ನಾವೇ ಕಂಡುಕೊಳ್ಳಬೇಕು. ಡೀಸೆಲ್ ಲೀಟರಿಗೆ 90 ರೂಪಾಯಿ, ಗಾಡಿ ಲೀಟರಿಗೆ 10 ಕಿ.ಮೀ. ಕೊಡುತ್ತದೆ ಎಂದು ಹಿಡಿದರೆ ಕಿಲೋಮೀಟರಿಗೆ 9.

ಮೂರನೇ ಗಾಡಿ: ಖರ್ಚು = 2,500 + 9 × ಕ

ಕನಿಷ್ಠದ ಷರತ್ತಿಲ್ಲದ ಎರಡನೇ ಗಾಡಿಯ ಜೊತೆ ಇದನ್ನು ಹೋಲಿಸಿದರೆ 2,500 ÷ 11, ಸುಮಾರು 227 ಕಿ.ಮೀ.ಗೆ ಸಮ. ಮೊದಲ ಗಾಡಿಯ ಜೊತೆ 1,000 ÷ 5, ಅಂದರೆ 200ಕ್ಕೆ ಸಮ. ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. 227ರವರೆಗೆ ಎರಡನೆಯದು ಎಲ್ಲಕ್ಕಿಂತ ಅಗ್ಗ, ಆಮೇಲೆ ಮೂರನೆಯದು. ನಡುವಿನ ದರದ ಮೊದಲ ಗಾಡಿ ಎಲ್ಲಿಯೂ ಗೆಲ್ಲುವುದಿಲ್ಲ. ಎರಡೆರಡನ್ನೇ ಹೋಲಿಸುತ್ತ ಕೂತರೆ ಇದು ಕಣ್ಣಿಗೆ ಬೀಳುವುದಿಲ್ಲ, ಹಾಳೆಯ ಮೇಲೆ ಮೂರೂ ಗೆರೆ ಎಳೆದರೆ ತಟ್ಟನೆ ಕಾಣುತ್ತದೆ.

ಆದರೆ ಮೂರನೆಯದರ 9 ರೂಪಾಯಿ ಗಟ್ಟಿ ಅಂಕಿಯಲ್ಲ. ಗಾಡಿ ತುಂಬ ಜನ, ಮೇಲೆ ಸಾಮಾನು, ಜೊತೆಗೆ ಎಸಿ ಇದ್ದರೆ ಮೈಲೇಜ್ 9ಕ್ಕೆ ಇಳಿಯಬಹುದು. ಆಗ ಕಿಲೋಮೀಟರಿಗೆ 10, ಮೂರು ಗೆರೆಗಳೂ 250 ಕಿ.ಮೀ.ಯ ಒಂದೇ ಚುಕ್ಕಿಯಲ್ಲಿ ಕೂಡುತ್ತವೆ. ಮೈಲೇಜ್ 8ಕ್ಕೆ ಇಳಿದರೆ ಕಿಲೋಮೀಟರಿಗೆ 11 ರೂಪಾಯಿ 25 ಪೈಸೆ, ಮೊದಲ ಗಾಡಿಯನ್ನು ಸೋಲಿಸಲು ಸುಮಾರು 364 ಕಿ.ಮೀ. ಓಡಬೇಕು. ಲೀಟರಿಗೆ ಎರಡು ಕಿ.ಮೀ. ಕಡಿಮೆಯಾದದ್ದಕ್ಕೆ ಸಮ ಆಗುವ ದೂರ 200ರಿಂದ 364ಕ್ಕೆ ಹಾರಿತು. ಡೀಸೆಲ್ ನಿಮ್ಮದೆನ್ನುವ ಗಾಡಿಯ ಮೈಲೇಜನ್ನು ಮಾಲಕರ ಬಾಯಿಂದಷ್ಟೇ ಕೇಳಬಾರದು. ಹೊರಡುವಾಗ ಟ್ಯಾಂಕ್ ಫುಲ್ ಮಾಡಿಸಿ, ಬಂದ ಮೇಲೆ ಮತ್ತೆ ಫುಲ್ ಮಾಡಿಸಿದರೆ ಎರಡನೇ ಸಲ ಹಾಕಿದ ಲೀಟರೇ ನಿಜವಾಗಿ ಸುಟ್ಟದ್ದು.

## ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೂ ಇದೇ ಲೆಕ್ಕ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ಲೆಕ್ಕ ಬೇರೆ ವೇಷದಲ್ಲಿ ಬರುತ್ತದೆ. ಸುಮಾರು 4 ಕಿಲೋ ಹಸಿದ್ರಾಕ್ಷಿಗೆ 1 ಕಿಲೋ ಒಣದ್ರಾಕ್ಷಿ. ಶೆಡ್ಡಿನಲ್ಲಿ ಒಣಗಿ, ಬಾಕ್ಸಿಗೆ 15 ಕಿಲೋದಂತೆ ತುಂಬಿದ ಮಾಲನ್ನು ಬಣ್ಣ ಕೆಡದಂತೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ದರ ಬಂದಾಗ ಮಾರುವುದು ರೂಢಿ. ಇಲ್ಲಿ ಓಡುವುದು ಕಿಲೋಮೀಟರ್ ಅಲ್ಲ, ತಿಂಗಳು.

ಒಂದು ಕಡೆ ಬಾಕ್ಸಿಗೆ ತಿಂಗಳಿಗೆ 8 ರೂಪಾಯಿ, ಹಮಾಲಿ ಒಟ್ಟು 6 ಬೇರೆ. ಇನ್ನೊಂದು ಕಡೆ ಹಂಗಾಮಿಗೆಲ್ಲ ಸೇರಿ ಬಾಕ್ಸಿಗೆ 54, ಹಮಾಲಿ ಅದರಲ್ಲೇ. ಏಪ್ರಿಲ್ ಒಂದಕ್ಕೆ ಮಾಲು ಇಟ್ಟಿರಿ ಎನ್ನಿ.

6 + 8 × ತಿಂಗಳು = 54

54ರಲ್ಲಿ 6 ಕಳೆದು 8ರಿಂದ ಭಾಗಿಸಿದರೆ 6 ತಿಂಗಳು. ಸೆಪ್ಟೆಂಬರ್ ಮುಗಿಯುವುದರೊಳಗೆ ಮಾರುವವರಿಗೆ ತಿಂಗಳ ದರ ಮೇಲು. ದೀಪಾವಳಿವರೆಗೆ ಕಾಯುವವರಿಗೆ ಹಂಗಾಮಿನ ದರ ಮೇಲು.

ಬಾಕ್ಸ್ ಎಷ್ಟಿವೆ ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. 50 ಬಾಕ್ಸಿಗೂ 600 ಬಾಕ್ಸಿಗೂ ಉತ್ತರ 6 ತಿಂಗಳೇ. ಎರಡೂ ಕಡೆ ಎಲ್ಲ ಖರ್ಚೂ ಬಾಕ್ಸಿನ ಲೆಕ್ಕದಲ್ಲೇ ಇರುವುದರಿಂದ ಬಾಕ್ಸಿನ ಸಂಖ್ಯೆ ಎರಡೂ ಬದಿಯಲ್ಲಿ ಹೊಡೆದುಹೋಗುತ್ತದೆ. ಅದು ಮುಖ್ಯವಾಗುವುದು ಒಂದು ಕೋಣೆಯನ್ನೇ ಹಂಗಾಮಿಗೆ 30,000ಕ್ಕೆ ಹಿಡಿಯುವ ಮಾತು ಬಂದಾಗ. 30,000 ÷ 54, ಅಂದರೆ 556 ಬಾಕ್ಸಿನಿಂದ ಮೇಲೆ ಇದ್ದರೆ ಕೋಣೆ ಹಿಡಿಯುವುದು ಲಾಭ. 500 ಬಾಕ್ಸ್ ಇರುವವರಿಗೆ 27,000ದ ಬಾಕ್ಸ್ ದರವೇ ಸಾಕು.

ಮಾಲು ಒಂದೇ ಸಲ ಹೋಗುವುದು ಅಪರೂಪ. 600 ಬಾಕ್ಸಿನಲ್ಲಿ 200 ಬಾಕ್ಸ್ ಮೂರು ತಿಂಗಳಿಗೆ, ಉಳಿದ 400 ಏಳು ತಿಂಗಳಿಗೆ ಮಾರಿದರೆ? ಹೆಚ್ಚಿನ ಮಾಲು ಆರು ತಿಂಗಳು ದಾಟಿದ್ದರಿಂದ ಹಂಗಾಮಿನ ದರವೇ ಲಾಭ ಎನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ತಿಂಗಳ ದರದಲ್ಲಿ 200 ಬಾಕ್ಸಿಗೆ ಮೂವತ್ತರಂತೆ 6,000, 400 ಬಾಕ್ಸಿಗೆ ಅರವತ್ತೆರಡರಂತೆ 24,800, ಒಟ್ಟು 30,800. ಹಂಗಾಮಿನ ದರದಲ್ಲಿ 600 × 54 = 32,400. ತಿಂಗಳ ದರವೇ 1,600 ಕಡಿಮೆ. ಏಕೆಂದರೆ ಒಂದು ಬಾಕ್ಸ್ ಸರಾಸರಿ ಉಳಿದದ್ದು 3,400 ÷ 600, ಸುಮಾರು 5.67 ತಿಂಗಳು. ಆರಕ್ಕಿಂತ ಕಡಿಮೆ. ನೋಡಬೇಕಾದದ್ದು ಕೊನೆಯ ಬಾಕ್ಸ್ ಎಂದು ಹೋಯಿತು ಎಂಬುದನ್ನಲ್ಲ, ಸರಾಸರಿಯನ್ನು.

ಇಲ್ಲಿಯೂ ಒಂದು ಮುಳ್ಳಿದೆ. ಹೊಸ ತಿಂಗಳು ಒಂದು ದಿನ ಹಿಡಿದರೂ ಪೂರ್ತಿ ತಿಂಗಳ ಬಾಡಿಗೆ ಹಾಕುವ ಪದ್ಧತಿ ಇದ್ದರೆ, ಗೆರೆ ನೇರವಾಗಿ ಏರದೆ ಮೆಟ್ಟಿಲಿನಂತೆ ಏರುತ್ತದೆ. 600 ಬಾಕ್ಸನ್ನು ಸೆಪ್ಟೆಂಬರ್ 30ರ ಬದಲು ಅಕ್ಟೋಬರ್ 3ಕ್ಕೆ ತೆಗೆದರೆ ಮೂರು ದಿನಕ್ಕೆ 4,800 ರೂಪಾಯಿ ಹೆಚ್ಚು. ಲಾರಿ ಗೊತ್ತು ಮಾಡುವಾಗ ಈ ತಾರೀಖು ನೆನಪಿರಬೇಕು.

## ಗೆರೆ ಕತ್ತರಿಸದೇ ಇದ್ದರೆ

ಕಿಲೋಮೀಟರ್ ದರ ಎರಡೂ ಕಡೆ 14 ಇದ್ದು, ದಿನದ ಬಾಡಿಗೆ ಒಬ್ಬರದು 1,500, ಇನ್ನೊಬ್ಬರದು 1,200 ಇದ್ದರೆ ಗೆರೆಗಳು ರೈಲು ಹಳಿಯಂತೆ ಸಮಾಂತರ. ಎಷ್ಟೇ ಓಡಿದರೂ 300ರ ಅಂತರ ಹಾಗೇ ಇರುತ್ತದೆ. ಸೂತ್ರದಲ್ಲಿ ಭಾಗಿಸಲು ಹೋದರೆ ಕೆಳಗೆ ಸೊನ್ನೆ ಬಂದು ನಿಲ್ಲುತ್ತದೆ, ಅದೇ ಅದರ ಗುರುತು.

ಟ್ರ್ಯಾಕ್ಟರ್ ಬಾಡಿಗೆಯಲ್ಲಿ ಇನ್ನೊಂದು ಬಗೆ ಕಾಣುತ್ತದೆ. ರೋಟಾವೇಟರ್ ಹೊಡೆಸಲು ತಾಸಿಗೆ 1,000, ಇಲ್ಲವೇ ಎಕರೆಗೆ 1,200. ಎರಡಕ್ಕೂ ಸ್ಥಿರ ಖರ್ಚಿಲ್ಲ, ಎರಡೂ ಗೆರೆ ಸೊನ್ನೆಯಿಂದಲೇ ಹೊರಡುತ್ತವೆ. ಹಾಗಾಗಿ ಎರಡು ಎಕರೆಗೆ ಅಗ್ಗವಾದದ್ದು ಇಪ್ಪತ್ತು ಎಕರೆಗೂ ಅಗ್ಗ. ತೀರ್ಮಾನವಾಗುವುದು ಒಂದು ಎಕರೆಗೆ ಎಷ್ಟು ಹೊತ್ತು ಬೇಕು ಎಂಬುದರ ಮೇಲೆ: 1,200 ÷ 1,000 = 1.2 ತಾಸು, ಅಂದರೆ 72 ನಿಮಿಷ. ಉದ್ದನೆಯ, ಹದವಾದ ಹೊಲದಲ್ಲಿ 60 ನಿಮಿಷಕ್ಕೆ ಮುಗಿದರೆ ತಾಸಿನ ಲೆಕ್ಕಕ್ಕೆ 1,000 ಮಾತ್ರ. ಹಸಿ ಎರೆಭೂಮಿ, ತುಂಡು ತುಂಡು ಪಟ್ಟಿ, ಬದುವಿನ ಬಳಿ ಮೇಲಿಂದ ಮೇಲೆ ಹೊರಳಿಸುವ ಹೊಲವಾಗಿ 90 ನಿಮಿಷ ಹಿಡಿದರೆ 1,500. ಹತ್ತು ಗುಂಟೆ ಹೊಡೆಯುವವರೆಗೆ ಗಡಿಯಾರ ನೋಡಿ. ಅದು ಕಾಲು ಎಕರೆ. 18 ನಿಮಿಷದೊಳಗೆ ಮುಗಿದರೆ ಆ ಹೊಲಕ್ಕೆ ತಾಸಿನ ಲೆಕ್ಕ, ದಾಟಿದರೆ ಎಕರೆ ಲೆಕ್ಕ.